ದೊಡ್ಡಣ್ಣನವರಿಗೆ ಒಂಬತ್ತು ಹೋತಗಳ ಲೆಕ್ಕ

ಮಹಾರಾಜಶ್ರೀ ಅಮೆರಿಕದ ದೊಡ್ಡಣ್ಣನವರ ಸಮ್ಮುಖಕ್ಕೆ,

ನಾವಿಲ್ಲಿ ಕ್ಷೇಮ. ನಿಮ್ಮ ಕ್ಷೇಮಸಮಾಚಾರ ಟಿ.ವಿ.ಯಲ್ಲಿ ದಿನಾ ಬರುತ್ತದೆ, ಬರೆದು ತಿಳಿಸುವ ತೊಂದರೆ ಬೇಡ. ನಮ್ಮ ಪೇಪರಿನವರು ನಿಮ್ಮನ್ನು ದೊಡ್ಡಣ್ಣ ಎಂದೇ ಕರೆಯುವುದರಿಂದ ನಾನೂ ಹಾಗೇ ಕರೆದಿದ್ದೇನೆ. ದೊಡ್ಡಣ್ಣನ ಹತ್ತಿರ ಮನೆ ಲೆಕ್ಕ ಕೇಳುವ ಹಕ್ಕು ತಮ್ಮಂದಿರಿಗೆ ಇದ್ದೇ ಇರುತ್ತದಲ್ಲ, ಆ ಧೈರ್ಯ.

ವಿಚಾರ ಅಫ್ಘಾನಿಸ್ತಾನದ್ದು. ಮುಚ್ಚಿದ ಕಡತ ಯಾಕೆ ಬಿಚ್ಚುತ್ತೀಯ ಎನ್ನಬೇಡಿ. ಕೆಲಸದಲ್ಲಿದ್ದಷ್ಟು ಕಾಲವೂ ಬಿಲ್ಲು ತಪಾಸಣೆ ಮಾಡಿದವನು ನಾನು. ಮುಚ್ಚಿದ ಕಡತ ಕಂಡರೆ ಇವತ್ತಿಗೂ ಕೈ ಸುಮ್ಮನಿರುವುದಿಲ್ಲ.

2001ರ ಅಕ್ಟೋಬರ್ 7ಕ್ಕೆ ಬಾಂಬು ಹಾಕಲು ಶುರು ಮಾಡಿದಿರಿ, ನವೆಂಬರ್ 13ಕ್ಕೆ ಕಾಬೂಲ್ ಕೈಗೆ ಬಂತು. ಹುಡುಕಿಕೊಂಡು ಹೋದ ಆಸಾಮಿ ಮಾತ್ರ ತೋರಾ ಬೋರಾದ ಗುಡ್ಡಗಳಿಂದ ಜಾರಿಕೊಂಡ. 2003ರ ಮೇ 1ರಂದು ನಿಮ್ಮ ರಕ್ಷಣಾ ಸಚಿವ ರಮ್ಸ್‌ಫೆಲ್ಡ್ ಸಾಹೇಬರು ಕಾಬೂಲಿನಲ್ಲೇ ನಿಂತು, ದೊಡ್ಡ ಕಾಳಗವೆಲ್ಲ ಮುಗಿಯಿತು ಎಂದರು. ನಾಲ್ಕು ತಿಂಗಳು ಕಳೆದು ಕಚೇರಿಯೊಳಗೆ ಬರೆದ ಚೀಟಿಯಲ್ಲಿ, ಶತ್ರು ಯಾರು ಅನ್ನುವುದೇ ತಮಗೆ ಕಾಣುತ್ತಿಲ್ಲ ಎಂದು ಅಲವತ್ತುಕೊಂಡರು. ಗರ್ಭಗುಡಿಯಲ್ಲಿ ವಿಗ್ರಹವೇ ಕಾಣದಿದ್ದರೂ ಹೊರಗೆ ಮಂಗಳಾರತಿ ತಟ್ಟೆ ಮಾತ್ರ ತಿರುಗಿತು.

ಆಮೇಲೆ ಈ ಯುದ್ಧ ಎಷ್ಟು ಸಲ ಮುಗಿಯಿತು ಎಂದು ಲೆಕ್ಕ ಇಡುವುದೇ ಕಷ್ಟ. 2014ರ ಡಿಸೆಂಬರ್ 28ಕ್ಕೆ ಮತ್ತೊಮ್ಮೆ ಮುಗಿಯಿತು. ಹಳೇ ಹೆಸರಿನ ಖಾತೆ ಮುಚ್ಚಿ ಹೊಸ ಹೆಸರಿನದು ತೆರೆದಿರಿ. ನಮ್ಮಲ್ಲಿ ನಾಟಕ ಕಂಪನಿಯವರು ‘ಇಂದೇ ಕಡೇ ಆಟ’ ಎಂದು ಬೋರ್ಡು ಹಾಕಿ ಇನ್ನೊಂದು ತಿಂಗಳು ಟೆಂಟು ಕೀಳುವುದಿಲ್ಲ. ಅವರು ಟಿಕೆಟ್ ಹಣವಾದರೂ ಎಣಿಸಿಕೊಳ್ಳುತ್ತಾರೆ.

2009ರಲ್ಲಿ ಒಬಾಮಾ ಅವರು ಹೆಚ್ಚುವರಿ 30,000 ಸೈನಿಕರನ್ನು ಕಳಿಸಿದರು. ಅದೇ ಭಾಷಣದಲ್ಲಿ 2011ರ ಜುಲೈಯಿಂದ ವಾಪಸು ಕರೆಸಿಕೊಳ್ಳುತ್ತೇವೆ ಎಂದೂ ಹೇಳಿಬಿಟ್ಟರು. ಚಪ್ಪಲಿ ಬಿಡುವಾಗಲೇ ಹೊರಡುವ ಬಸ್ಸಿನ ಟೈಮು ಹೇಳುವ ನೆಂಟನನ್ನು ನಾನು ನೋಡಿದ್ದೇನೆ. ಮನೆಯವರು ಗಡಿಯಾರ ನೋಡುತ್ತಾ ಕೂರುತ್ತಾರೆ. ತಾಲಿಬಾನಿನವರೂ ಕೂತರು. ಮರುವರ್ಷ ಫೆಬ್ರವರಿಯಲ್ಲಿ ಜನರಲ್ ಮೆಕ್‌ಕ್ರಿಸ್ಟಲ್, ಹೆಲ್ಮಂದ್ ಪ್ರಾಂತ್ಯದ ಮಾರ್ಜಾಕ್ಕೆ ಡಬ್ಬಿಯಲ್ಲಿ ಸಿದ್ಧವಾದ ಸರ್ಕಾರ ತಂದಿದ್ದೇವೆ ಎಂದರು. ಬಿಸಿನೀರು ಹಾಕಿ ಐದು ನಿಮಿಷ ಮುಚ್ಚಿಟ್ಟರೆ ಉಪ್ಪಿಟ್ಟಾಗುವ ಪಾಕೆಟ್ಟಿನ ಹಾಗೆ. ಮೂರು ತಿಂಗಳಿಗೆ ಅವರೇ ಮಾರ್ಜಾವನ್ನು ರಕ್ತ ಸೋರುವ ಹುಣ್ಣು ಎಂದು ಕರೆದರು.

ಇರಲಿ, ನನ್ನ ಆಸಕ್ತಿ ಬಿಲ್ಲುಗಳದು. ನಿಮ್ಮದೇ ಸಂಸತ್ತು 2008ರಲ್ಲಿ ಸಿಗಾರ್ ಎಂಬ ತಪಾಸಣಾ ಕಚೇರಿ ಮಾಡಿತಲ್ಲ, ಅದರ ವರದಿಗಳನ್ನು ನಾನು ಕಾದಂಬರಿಯ ಹಾಗೆ ಓದಿದ್ದೇನೆ. ಅಲ್ಲೇ ಸಿಕ್ಕಿದವು ಈ ಹೋತಗಳು. ಹೆರಾತ್ ಕಡೆ ಕ್ಯಾಶ್ಮೀರ್ ಉಣ್ಣೆಯ ವ್ಯಾಪಾರ ಬೆಳೆಸಬೇಕೆಂದು ಇಟಲಿಯಿಂದ ಒಂಬತ್ತು ಹೊಂಬಣ್ಣದ ಹೋತಗಳನ್ನು ವಿಮಾನದಲ್ಲಿ ತರಿಸಿದಿರಿ. ಯೋಜನೆಯ ಖರ್ಚು 60 ಲಕ್ಷ ಡಾಲರ್. ಸಾಕಲು ಫಾರಂ, ಉಣ್ಣೆ ಪರೀಕ್ಷಿಸಲು ಪ್ರಯೋಗಾಲಯ ಬೇರೆ. ಕೊನೆಗೆ ತಪಾಸಕ ಜಾನ್ ಸೋಪ್ಕೊ ಲೆಕ್ಕ ಕೇಳಿದಾಗ, ಹೋತಗಳು ಉಣ್ಣೆ ಕೊಟ್ಟವೋ, ಯಾರದಾದರೂ ಬಾಡೂಟಕ್ಕೆ ಒದಗಿದವೋ ಎಂಬುದಕ್ಕೂ ಸರಿಯಾದ ದಾಖಲೆ ಇರಲಿಲ್ಲ. ನಮ್ಮೂರಿಗೂ ಒಂದು ಕಾಲಕ್ಕೆ ಸಬ್ಸಿಡಿ ಹಸುಗಳು ಬಂದಿದ್ದವು. ಸತ್ತ ಹಸುವಿನ ಕಿವಿಯ ಓಲೆಯನ್ನಾದರೂ ತಂದು ತೋರಿಸಿ ಎಂದು ಫಲಾನುಭವಿಗಳನ್ನು ಆರು ತಿಂಗಳು ಅಲೆಸಿದವನು ನಾನೇ. ನಿಮ್ಮ ಕಡೆ ಒಂದು ಓಲೆಯನ್ನೂ ಕೇಳಿದವರಿಲ್ಲವೇ?

ವಿಮಾನದ ಕಥೆ ಇನ್ನೂ ಚೆನ್ನ. ಆ ದೇಶದ ವಾಯುಸೇನೆಗೆಂದು ಇಟಲಿಯ ಹಳೇ ಸರಕು ವಿಮಾನ ಇಪ್ಪತ್ತು. ಖರ್ಚು 50 ಕೋಟಿ ಡಾಲರಿಗೂ ಮೇಲೆ. ಅವುಗಳಲ್ಲಿ ಹದಿನಾರನ್ನು 2014ರಲ್ಲಿ ಕಾಬೂಲಿನಲ್ಲೇ ಗುಜರಿಗೆ ಹಾಕಿದಿರಿ. ಸಿಕ್ಕಿದ್ದು 32,000 ಡಾಲರ್. ತೂಕಕ್ಕೆ ಹಾಕಿ ನೋಡಿದೆ: ಆಗಿನ ದರದಲ್ಲಿ ಕೆ.ಜಿ.ಗೆ ಸುಮಾರು ಎಂಟು ರೂಪಾಯಿ. ನಮ್ಮ ಬೀದಿಯ ಗುಜರಿಯವನು ಹಳೇ ಪೇಪರಿಗೂ ಅದಕ್ಕಿಂತ ಒಳ್ಳೆಯ ರೇಟು ಕೊಡುತ್ತಾನೆ, ಒಂದು ಮಾತು ಹೇಳಿ ಕಳಿಸಬಾರದಿತ್ತೇ? ಕಾಡು ಶೇಕಡಾ ಎರಡರಷ್ಟಿರುವ ದೇಶದ ಸೈನಿಕರಿಗೆ ಕಾಡಿನ ಬಣ್ಣದ ಸಮವಸ್ತ್ರ ಹೊಲಿಸಿದಿರಿ. ಆ ಸಮವಸ್ತ್ರ ತೊಟ್ಟವರಲ್ಲಿ ಹಾಜರಿ ಪುಸ್ತಕದಲ್ಲಿ ಮಾತ್ರ ಬದುಕಿದ್ದವರೂ ಇದ್ದರು, ಸಂಬಳ ಮಾತ್ರ ತಪ್ಪದೆ ಬಟವಾಡೆಯಾಯಿತು. ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ.

ಇದನ್ನು ಬೇರೆ ಯಾರೋ ಹೊಟ್ಟೆಕಿಚ್ಚಿಗೆ ಬರೆದದ್ದಲ್ಲ, ದೊಡ್ಡಣ್ಣ. ನಿಮ್ಮ ತಪಾಸಕರು, ನಿಮ್ಮ ಕಾಗದದ ಮೇಲೆ, ನಿಮ್ಮ ಮೊಹರು ಒತ್ತಿ ಬರೆದದ್ದು. ಅದು ಮೇಜಿಗೆ ಬರುತ್ತಿತ್ತು, ಅದರ ಪಕ್ಕದಲ್ಲೇ ಕೂತು ಜನರಲ್ಲುಗಳು ಪರಿಸ್ಥಿತಿ ಸುಧಾರಿಸುತ್ತಿದೆ ಎಂದು ಹೇಳಿ ಮುಂದಿನ ವರ್ಷದ ಹಣ ಮಂಜೂರು ಮಾಡಿಸಿಕೊಳ್ಳುತ್ತಿದ್ದರು. ನಾಲ್ವರು ಅಧ್ಯಕ್ಷರು, ಇಪ್ಪತ್ತು ವರ್ಷ. ಆಕ್ಷೇಪಣೆಗೆ ಉತ್ತರ ಬರೆಯದೆ ಬಿಲ್ಲು ಪಾಸು ಮಾಡಿದರೆ ನಮ್ಮಲ್ಲಿ ಗುಮಾಸ್ತನ ಪಿಂಚಣಿ ಹಿಡಿಯುತ್ತಾರೆ.

2020ರ ಫೆಬ್ರವರಿ 29ಕ್ಕೆ ದೋಹಾದಲ್ಲಿ ತಾಲಿಬಾನಿನ ಜೊತೆ ಕರಾರು ಆಯಿತು. ಕಾಬೂಲಿನ ಸರ್ಕಾರಕ್ಕೆ ಅಲ್ಲಿ ಕುರ್ಚಿಯೇ ಇರಲಿಲ್ಲ. 2021ರ ಜುಲೈಯಲ್ಲಿ ಬಗ್ರಾಮ್ ನೆಲೆಯನ್ನು ನೀವು ಖಾಲಿ ಮಾಡಿದ್ದು ಬಾಡಿಗೆ ಬಾಕಿ ಇರುವವರು ಮಾಡುವ ಹಾಗೆ: ರಾತ್ರಿ ಹೊತ್ತು, ದೀಪ ಆರಿಸಿ, ಹೊಸದಾಗಿ ವಹಿಸಿಕೊಳ್ಳಬೇಕಿದ್ದ ಅಫ್ಘನ್ ಅಧಿಕಾರಿಗೂ ತಿಳಿಸದೆ. ಬೆಳಗಾಗುವಷ್ಟರಲ್ಲಿ ಸುತ್ತಲಿನವರು ಒಳಗೆ ನುಗ್ಗಿ ಲೂಟಿ ಮಾಡಿದ್ದರು. ಸಾವಿರಾರು ವಾಹನ ಬಿಟ್ಟಿದ್ದಿರಿ. ಎಷ್ಟೋ ವಾಹನಗಳಿಗೆ ಕೀಲಿ ಇರಲಿಲ್ಲ. ಆಗಸ್ಟ್ 15ಕ್ಕೆ ಕಾಬೂಲ್ ಬಿತ್ತು. ವಿದೇಶಿ ಸೇನಾ ನೆಲೆಗಳಲ್ಲಿ ಕೆಲಸಕ್ಕಿದ್ದ ನಮ್ಮ ಮಂಗಳೂರು ಕಡೆಯ ಹುಡುಗರೂ ಆ ವಾರ ಸಿಕ್ಕ ವಿಮಾನ ಹತ್ತಿ ಊರು ಸೇರಿದರು.

ನಿಮ್ಮ 2,400ಕ್ಕೂ ಹೆಚ್ಚು ಸೈನಿಕರು ಸತ್ತರು. ಅಫ್ಘನ್ ಸೈನಿಕರು, ಪೊಲೀಸರು, ಜನಸಾಮಾನ್ಯರು ಸೇರಿ ಲಕ್ಷಕ್ಕೂ ಮೇಲೆ. ಇವು ಗುಜರಿಗೆ ಹಾಕಲು ಬಾರದ ಬಾಬ್ತುಗಳು, ಆದ್ದರಿಂದ ನನ್ನ ಪೆನ್ನು ಇಲ್ಲಿ ತಮಾಷೆ ಬರೆಯುತ್ತಿಲ್ಲ.

ಕಡೆಯ ಬಾಬ್ತು ಒಂದಿದೆ. ಆಗಸ್ಟ್ 29ರಂದು, ಹೊರಡುವುದಕ್ಕೆ ಒಂದು ದಿನ ಮುಂಚೆ, ಕಾಬೂಲಿನ ಒಂದು ಮನೆಯಂಗಳಕ್ಕೆ ಬಂದ ಬಿಳಿ ಕಾರಿನ ಮೇಲೆ ನಿಮ್ಮ ಡ್ರೋನ್ ಕ್ಷಿಪಣಿ ಬಿಟ್ಟಿತು. ಬಾಂಬು ತುಂಬಿದ ಕಾರು ಎಂದಿರಿ. ಕಾರಿನವನು ಅಮೆರಿಕದ್ದೇ ಒಂದು ನೆರವು ಸಂಸ್ಥೆಯ ನೌಕರ. ಕಾರಿಗೆ ತುಂಬಿದ್ದು ನೀರಿನ ಕ್ಯಾನು. ಹತ್ತು ಜನ ಸತ್ತರು, ಅವರಲ್ಲಿ ಏಳು ಮಕ್ಕಳು. ಸುಮಾರು ಮೂರು ವಾರ ಕಳೆದ ಮೇಲೆ ತಪ್ಪಾಯಿತು ಎಂದಿರಿ. ಡಿಸೆಂಬರಿನಲ್ಲಿ, ಇದಕ್ಕಾಗಿ ಯಾರನ್ನೂ ಶಿಕ್ಷಿಸುವುದಿಲ್ಲ ಎಂದಿರಿ.

ಹೋತಗಳ ಲೆಕ್ಕ ಕೊಡದಿದ್ದರೂ ನಡೆಯುತ್ತದೆ. ಈ ಬಾಬ್ತಿಗೆ ಉತ್ತರ ಬರೆಯಿರಿ. ನನಗಲ್ಲ, ಆ ಮನೆಯವರಿಗೆ.

ಇಂತಿ ನಿಮ್ಮ,
ನಿವೃತ್ತ ಬಿಲ್ಲು ಗುಮಾಸ್ತ