ಮೆಣಸಿನಕಾಯಿಯ ಗ್ರೀನ್ ಕಾರ್ಡು

ಹಾವೇರಿಯಿರಲಿ, ರಾಣೆಬೆನ್ನೂರಿರಲಿ, ಸಂಜೆಯಾದರೆ ಕಾಲೇಜು ಹುಡುಗರು ಗೋಬಿ ಮಂಚೂರಿ ಬಂಡಿಯ ಸುತ್ತ. ಮನೆಯಲ್ಲಿ ಅಜ್ಜಿ ಬಡಿದಿಟ್ಟ ಜೋಳದ ರೊಟ್ಟಿ ಕಾಯುತ್ತ ಕಾಯುತ್ತ ಖಡಕ್ ಆಗಿರುತ್ತದೆ. "ಎಲ್ಲಿಂದಲೋ ಬಂದದ್ದನ್ನ ತಿಂತಾವ ನೋಡವಾ ಈ ಹುಡುಗರು!" ಅಂತ ಅಜ್ಜಿಯ ತಕರಾರು. ಹಾಗೆನ್ನುತ್ತಲೇ ತನ್ನ ರೊಟ್ಟಿಗೆ ಕೆಂಪು ಖಾರ, ಶೇಂಗಾ ಚಟ್ನಿ ಹಚ್ಚಿಕೊಳ್ಳುತ್ತಾಳೆ.

ಆ ಮೆಣಸಿನಕಾಯಿ, ಆ ಶೇಂಗಾ ಎರಡರ ತವರೂ ಅಮೆರಿಕ ಖಂಡ. ಮೆಣಸಿನಕಾಯಿಯನ್ನು ಹಡಗಿನಲ್ಲಿ ತಂದವರು ಪೋರ್ಚುಗೀಸರು. ಬ್ಯಾಡಗಿ ಸೀಮೆಗೆ ಬಂದದ್ದೇ ಅದು ಖಾರ ಇಳಿಸಿಕೊಂಡಿತು, ಬಣ್ಣ ಏರಿಸಿಕೊಂಡಿತು, ಮೈತುಂಬ ಸುಕ್ಕು ತಂದುಕೊಂಡು ಊರ ಹಿರಿಯನಂತೆ ಕೂತುಬಿಟ್ಟಿತು. (ಬಂದ ಊರಿಗೆ ಹೊಂದಿಕೊಳ್ಳುವುದು ಅಂದರೆ ಹೀಗಿರಬೇಕು.) 2011ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ಸಿಕ್ಕಿ, ರಹವಾಸಿ ದಾಖಲೆ ಪಕ್ಕಾ ಆಯಿತು. ಶತಮಾನಗಟ್ಟಲೆ ತಡವಾಯಿತು, ನಿಜ. ಆದರೆ ಅಮೆರಿಕದಲ್ಲಿ ಗ್ರೀನ್ ಕಾರ್ಡಿಗೆ ಕಾದಿರುವ ನಮ್ಮ ಹುಡುಗರನ್ನು ಕೇಳಿ, ಅವರಿಗೆ ಇದೇನೂ ವಿಶೇಷ ಅನಿಸದು.

ಇನ್ನು ಗೋಬಿ ಮಂಚೂರಿ. ಹೆಸರಷ್ಟೇ ಚೀನಾ ಕಡೆಯದು. ಹುಟ್ಟು ಅಪ್ಪಟ ಭಾರತದ್ದು. ಪರದೇಶಿ ಅಂತ ಬೈದರೆ ಪಾಪ ಸುತ್ತಿಕೊಂಡೀತು. ನನ್ನ ಜಗಳ ಅದರ ಬಣ್ಣದ ಜೊತೆ. 2024ರ ಮಾರ್ಚ್‌ನಲ್ಲಿ ರಾಜ್ಯ ಸರ್ಕಾರ ಗೋಬಿಗೆ ಕೃತಕ ಬಣ್ಣ ಬೆರೆಸುವುದನ್ನು ನಿಷೇಧಿಸಿತು. ಯಾವ ಜಿಲ್ಲೆಗೆ ಬೇಕಿದ್ದರೂ ಈ ಬುದ್ಧಿ ಹೇಳಲಿ, ಹಾವೇರಿಗೆ ಹೇಳಿಸಿಕೊಳ್ಳುವುದು ನಾಚಿಕೆ! ಬಂಡಿಯ ಅಣ್ಣಂದಿರೇ, ಬ್ಯಾಡಗಿ ಪಕ್ಕದಲ್ಲೇ ಇದೆ. ಒಂದು ಕಿಲೋ ಮೆಣಸಿನಕಾಯಿ ತಂದು ನೆನೆಸಿ, ರುಬ್ಬಿ ಹಾಕ್ರಿ.