ನಾಲ್ಕು ಹಲ್ಲಿನ ಕಂಪ್ಯೂಟರು

ಕಬ್ಬು ಕಳಿಸಿದ 14 ದಿನದೊಳಗೆ ರೈತನ ಕೈಗೆ ಹಣ ಮುಟ್ಟಬೇಕು ಎಂದು 1966ರ ಕಬ್ಬು ನಿಯಂತ್ರಣ ಆದೇಶ ಹೇಳುತ್ತದೆ. ಕುಡಚಿ, ಉಗಾರ, ರಾಯಬಾಗದ ಕಡೆ ಇದನ್ನು ಯಾರ ಮುಂದಾದರೂ ಹೇಳಿ ನೋಡಿ. ನಕ್ಕು, ಚಹಾ ಕುಡಿಸಿ ಕಳಿಸುತ್ತಾರೆ. ಮಗಳ ಮದುವೆ, ಮನೆಯ ಸ್ಲ್ಯಾಬು, ಬಾವಿಯ ಮೋಟರು, ಎಲ್ಲಕ್ಕೂ ನಮ್ಮಲ್ಲಿ ವಾಯಿದೆ ಒಂದೇ: ‘ಬಿಲ್ ಬರ್ಲಿ.’ ನಮ್ಮ ಮನೆಗೆ ಕಂಪ್ಯೂಟರ್ ಬರುವ ಮಾತೂ ಹಾಗೇ ಹಂಗಾಮಿನಿಂದ ಹಂಗಾಮಿಗೆ ಜಾರುತ್ತ ಬಂತು. ಕೊನೆಗೊಮ್ಮೆ ಬಿಲ್ಲೂ ಬಂತು. ಸೊಸೈಟಿಯ ಸಾಲ, ಗೊಬ್ಬರದಂಗಡಿಯ ಉದ್ದರಿ ತಮ್ಮ ತಮ್ಮ ಪಾಲು ಎತ್ತಿಕೊಂಡ ಮೇಲೆ ಕಂಪ್ಯೂಟರಿಗೆ ಉಳಿದದ್ದು ಏಳು ಸಾವಿರ ರೂಪಾಯಿ.

ಏಳು ಸಾವಿರಕ್ಕೆ ಹೊಸದು ಬರುವುದಿಲ್ಲ, ಹಳೇದೇ ಗತಿ. ಹಳೇದು ಅಂದಕೂಡಲೇ ಮನೆಯಲ್ಲಿ ಕಾಕಾನ ಹೆಸರು ಬಂತು. ಕಾಕಾ ಜನ್ಮದಲ್ಲಿ ಕಂಪ್ಯೂಟರ್ ಮುಟ್ಟಿದವನಲ್ಲ. ಆದರೆ ಚಿಂಚಲಿ ಮಾಯಕ್ಕನ ಜಾತ್ರೆಯಲ್ಲಿ ಎತ್ತು ಆರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಕೊಂಬು ಹೆರೆದು ಬಣ್ಣ ಹಚ್ಚಿ, ಮೈಗೆ ಎಣ್ಣೆ ತಿಕ್ಕಿ ನಿಲ್ಲಿಸಿದ ಮುದಿ ಎತ್ತನ್ನು ಹತ್ತು ಮಾರು ದೂರದಿಂದಲೇ ಗುರುತು ಹಿಡಿಯುತ್ತಾನೆ. “ಮಾರೂದು ಏನರ ಇರ್ಲಿ, ಮಾರಾಂವ ಒಬ್ಬನ ಇರ್ತಾನ” ಎಂದು ಟೊಪ್ಪಿಗೆ ಇಟ್ಟುಕೊಂಡು ಹೊರಟೇಬಿಟ್ಟ.

ಹಳೇ ಕಂಪ್ಯೂಟರಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯೇ ಕಾಶಿ ಎನ್ನುತ್ತಾರೆ. ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಬೆಂಗಳೂರು ನಿಜ, ಆದರೆ ಹೋಗಿಬರುವ ಖರ್ಚಿಗೇ ಒಂದು ಕೀಬೋರ್ಡು, ಮೌಸು ಬರುತ್ತದೆ. ಮಿರಜವೇ ಸಾಕು ಅಂದೆವು. ಸ್ಟೇಷನ್ನಿನಲ್ಲಿ ಸಿಕ್ಕವರೆಲ್ಲ “ಮಿರಜಿಗೆ ಹೊಂಟೀರಿ? ಯಾರಿಗೆ ಆರಾಮಿಲ್ಲ?” ಎಂದು ಕೇಳಿದರು. ನಮ್ಮ ಕಡೆ ಮಿರಜ ಅಂದರೆ ದವಾಖಾನೆ. ಸಿತಾರ್, ತಂಬೂರಿ ಮಾಡುವ ಊರೆಂದು ಅದು ನಾಡಿಗೆಲ್ಲ ಹೆಸರಾಗಿದ್ದರೂ, ಸಿತಾರ್ ತರಲು ಹೊರಟಿದ್ದೇನೆಂದು ರೈಲು ಹತ್ತಿದವರನ್ನು ನಾನಂತೂ ಕಂಡಿಲ್ಲ. ಕಾಕಾ ಪ್ರತಿಯೊಬ್ಬರಿಗೂ “ಎಲ್ಲಾರೂ ಆರಾಮ ಅದೀವಿ” ಎಂದು ಹೇಳಿಹೇಳಿ ದಣಿದ.

ಅಂಗಡಿಯೆಂದರೆ ಒಂದು ಉದ್ದನೆಯ ಖೋಲಿ. ಎರಡೂ ಗೋಡೆಗೆ ಕಪ್ಪು ಡಬ್ಬಿಗಳನ್ನು ಒಟ್ಟಿದ್ದರು. ಎಲ್ಲವೂ ಬೆಂಗಳೂರು, ಪುಣೆಯ ಕಚೇರಿಗಳಲ್ಲಿ ದುಡಿದು, ಸಗಟಾಗಿ ಹೊರಬಿದ್ದು ಬಂದವು. ಬೆನ್ನಿನ ಮೇಲೆ ಹಳೇ ಯಜಮಾನರ ನಂಬರಿನ ಚೀಟಿ ಹಾಗೇ ಇತ್ತು, ಹೆಸರನ್ನಷ್ಟೇ ಕೆರೆದಿದ್ದರು. ಅಂಗಡಿಯ ಹುಡುಗ ಮರಾಠಿ ಬೆರೆತ ಕನ್ನಡದಲ್ಲಿ ಒಂದೊಂದರ ಗುಣಗಾನ ಶುರು ಮಾಡಿದ. ಕಾಕಾ ಕೈಯೆತ್ತಿ ತಡೆದು ಕೇಳಿದ್ದು ಒಂದೇ ಮಾತು: “ಅದೆಲ್ಲಾ ಇರ್ಲಿ ತಮ್ಮಾ, ಇದಕ್ಕ ಹಲ್ಲ ಎಷ್ಟು?”

ಹುಡುಗ ಬಾಯಿ ತೆರೆದು ನಿಂತ. ಜೊತೆಗೆ ಬಂದಿದ್ದ ನನ್ನ ಮಗಳು ಮಾತ್ರ ನಗಲಿಲ್ಲ. “ಅಜ್ಜಾ, ಅದೂ ತಿಳಿತೈತಿ ನೋಡು” ಎಂದು ಪರದೆಯ ಮೇಲೆ ಪ್ರೊಸೆಸರಿನ ನಂಬರು ತೆಗೆಸಿದಳು. ಐ5, ಆಮೇಲೆ 4570. ಆ ನಾಲ್ಕಂಕಿಯಲ್ಲಿ ಮೊದಲನೆಯದೇ ತಲೆಮಾರು. ನಾಲ್ಕು ಇದ್ದರೆ ನಾಲ್ಕನೆಯದು, ಇಂಟೆಲ್ ಕಂಪನಿ 2013ರಲ್ಲಿ ಹೊರತಂದದ್ದು. ಡಬ್ಬಿಯ ಮೇಲಿನ ಚೀಟಿಯನ್ನು ನಂಬುವಂತಿಲ್ಲ, ಐ3ರ ಮೇಲೆ ಐ5ರ ಚೀಟಿ ಅಂಟಿಸಲು ಬೇಕಾದದ್ದು ಒಂದು ತೊಟ್ಟು ಗೋಂದು. ಒಳಗಿನ ನಂಬರು ಸುಳ್ಳು ಹೇಳುವುದಿಲ್ಲ. ಕಾಕಾನಿಗೆ ಹಿಡಿಸಿತು. “ನಾಕ್ ಹಲ್ಲು. ಏರುವಯಸ್ಸು. ಮತ್ತ ಇಷ್ಟ ಸೋವಿ ಯಾಕ?”

ಸೋವಿ ಏಕೆಂದರೆ, 2021ರಲ್ಲಿ ಬಂದ ವಿಂಡೋಸ್ 11 ಇಂಟೆಲ್ಲಿನ ಯಂತ್ರಗಳಲ್ಲಿ ಹೆಚ್ಚುಕಡಿಮೆ ಎಂಟನೇ ತಲೆಮಾರಿನಿಂದ ಈಚಿನವನ್ನು ಮಾತ್ರ ಒಳಗೆ ಬಿಟ್ಟುಕೊಳ್ಳುತ್ತದೆ. ವಿಂಡೋಸ್ 10 ಅನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ಕೈಬಿಟ್ಟಿತು. ಹೀಗಾಗಿ ಕೈಕಾಲು ಗಟ್ಟಿ ಇದ್ದರೂ ಲಕ್ಷಗಟ್ಟಲೆ ಯಂತ್ರಗಳು ಕಚೇರಿಗೆ ಬೇಡವಾದವು. ಮಗಳು ಇದನ್ನು ಬಿಡಿಸಿ ಹೇಳಿದಾಗ ಕಾಕಾನಿಗೆ ಸಿಟ್ಟೇ ಬಂತು. ಎತ್ತಿಗೆ ಎಂಟು ಹಲ್ಲು ಬಂದರೆ ಬಾಯಿಗೂಡಿತು, ಅಲ್ಲಿಂದ ಮುಂದೆ ಇಳಿಗಾಲ. ಇಲ್ಲಿ ಎಂಟಕ್ಕಿಂತ ಕಡಿಮೆ ಇದ್ದರೆ ಮುದಿಯಂತೆ! “ಉಲ್ಟಾ ಧಂಧೆ” ಎಂದ. ನನಗೂ ಹಾಗೇ ಅನ್ನಿಸುತ್ತದೆ. ಓಡುವ ಯಂತ್ರವನ್ನು ದೂರದ ಯಾವುದೋ ಕಂಪನಿ ಒಂದು ತಾರೀಖು ಹಾಕಿ ಮುದಿ ಮಾಡುವುದು ನ್ಯಾಯವೇನೂ ಅಲ್ಲ. ಆದರೆ ಆ ಅನ್ಯಾಯವಿಲ್ಲದಿದ್ದರೆ ನನ್ನ ಏಳು ಸಾವಿರಕ್ಕೆ ಮೌಸಿನ ಬಾಲವೂ ಬರುತ್ತಿರಲಿಲ್ಲ. ವಿಂಡೋಸ್ ಬಿಟ್ಟರೆ ಲಿನಕ್ಸ್ ಇದೆ, ಅದಕ್ಕೆ ರೊಕ್ಕ ಕೊಡಬೇಕಿಲ್ಲ, ಅದು ಹಲ್ಲೂ ಕೇಳುವುದಿಲ್ಲ.

ಹಲ್ಲು ಆಯಿತು, ದುಡಿಮೆ ನೋಡಬೇಕಲ್ಲ. ಹಾರ್ಡ್‌ಡಿಸ್ಕ್ ತಾನು ಎಷ್ಟು ಗಂಟೆ ತಿರುಗಿದ್ದೇನೆಂದು ತನ್ನೊಳಗೇ ಬರೆದಿಟ್ಟುಕೊಳ್ಳುತ್ತದೆ. ಚಿಕ್ಕದೊಂದು ತಂತ್ರಾಂಶ ಹಾಕಿದರೆ ಲೆಕ್ಕ ಹೊರಬೀಳುತ್ತದೆ. ನಮ್ಮದು ಇಪ್ಪತ್ತೊಂದು ಸಾವಿರ ಎಂದು ತೋರಿಸಿತು. ಕಾಕಾ ಬೆರಳು ಮಡಿಚಿ, “ದಿನಕ್ಕ ಎಂಟ ತಾಸು, ರವಿವಾರ ಸೂಟಿ... ಎಂಟೊಂಬತ್ತ ವರ್ಷ ನೊಗ ಹೊತ್ತೈತಿ” ಎಂದ. ಆ ಡಿಸ್ಕನ್ನು ಬಿಚ್ಚಿಸಿ ಚಿಕ್ಕದೊಂದು ಎಸ್‌ಎಸ್‌ಡಿ ಹಾಕಿಸುವುದೆಂದು ಠರಾಯಿಸಿದೆವು. ಹಳೇ ಯಂತ್ರಕ್ಕೆ ಇಷ್ಟು ಗುಣ ಕೊಡುವ ಔಷಧ ಇನ್ನೊಂದಿಲ್ಲ. ಕೀಬೋರ್ಡು ನೋಡಿದರೆ ಕಂಟ್ರೋಲ್, ಸಿ ಮತ್ತು ವಿ, ಈ ಮೂರು ಕೀಲಿಗಳ ಅಕ್ಷರ ಮಾತ್ರ ಪೂರ್ತಿ ಅಳಿಸಿಹೋಗಿದ್ದವು, ಉಳಿದವೆಲ್ಲ ಹೊಸದರಂತಿದ್ದವು. ಹಿಂದಿನ ಪುಣ್ಯಾತ್ಮ ಒಂಬತ್ತು ವರ್ಷ ಎಂಥ ಘನಂದಾರಿ ಕೆಲಸ ಮಾಡಿದ್ದನೆಂದು ಬೇರೆ ಹೇಳಬೇಕಿಲ್ಲ.

ಇನ್ನು ದರ. ಕಾಕಾ ಹೆಗಲ ಮೇಲಿನ ಟವೆಲ್ ತೆಗೆದು ಬಲಗೈ ಮೇಲೆ ಹೊದ್ದು ಹುಡುಗನತ್ತ ಚಾಚಿದ. ದನದ ಪೇಟೆಯಲ್ಲಿ ದರ ಬಾಯಲ್ಲಿ ಆಡುವುದಿಲ್ಲ. ಟವೆಲ್ಲಿನೊಳಗೆ ಬೆರಳು ಹಿಡಿದು ಸಾವಿರ, ನೂರು ತಿಳಿಸುತ್ತಾರೆ, ಸುತ್ತ ನಿಂತವರಿಗೆ ಗುಟ್ಟು ಬಿಡುವುದಿಲ್ಲ. ಹುಡುಗ ಪಾಪ, ಹಿರಿಯರು ಕೈಕುಲುಕಲು ಬಂದರೆಂದು ಟವೆಲ್ ಸಮೇತ ಕೈ ಹಿಡಿದು ಕುಲುಕಿಬಿಟ್ಟ. ಕಾಕಾನ ಪ್ರಕಾರ ಅವನು ಎರಡು ಬೆರಳು ಹಿಡಿದದ್ದರಿಂದ ಎರಡು ಸಾವಿರಕ್ಕೆ ವ್ಯವಹಾರ ಮುಗಿದಿತ್ತು. ಹುಡುಗನ ಪ್ರಕಾರ ಇನ್ನೂ ಶುರುವೇ ಆಗಿರಲಿಲ್ಲ. ಚಹಾ ಬಂತು. ಪರದೆ, ಎಸ್‌ಎಸ್‌ಡಿ ಸೇರಿ ಆರೂವರೆಗೆ ನಿಂತಿತು.

ಮನೆಗೆ ತಂದು ಗುಂಡಿ ಒತ್ತಿದರೆ ತಾರೀಖು 2013ರ ಜನವರಿ 1 ಎಂದು ಬಂತು. ಒಳಗೆ ಸಿಆರ್ 2032 ಎಂಬ ಬಿಲ್ಲೆಯಷ್ಟಗಲದ ಸೆಲ್ ಇರುತ್ತದೆ. ಅದು ಸತ್ತರೆ ಯಂತ್ರಕ್ಕೆ ದಿನ ಮರೆತುಹೋಗುತ್ತದೆ, ತಾರೀಖು ತಪ್ಪಿದರೆ ಇಂಟರ್‌ನೆಟ್ಟೂ ಬಾಗಿಲು ತೆಗೆಯದು. ಅದೇನು ಪುಡಿಗಾಸಿನ ಮಾತು. ಆದರೆ ನಮ್ಮೂರ ಕರೆಂಟಿಗೆ ಯುಪಿಎಸ್ ಇಲ್ಲದೆ ನಡೆಯದು, ಅದರೊಳಗಿನ 12 ವೋಲ್ಟಿನ ಬ್ಯಾಟರಿಯ ಬೆಲೆ ಕೇಳಿ ನನ್ನ ಹೆಂಡತಿ, “ಎತ್ತಿಗಿಂತ ಬಾರಕೋಲಿನ ಖರ್ಚ ಜಾಸ್ತಿ ಆತಲ್ಲರಿ” ಎಂದಳು.

ಓಣಿಯವರು ನೋಡಲು ಬಂದರು. ಎಲ್ಲರದೂ ಒಂದೇ ಪ್ರಶ್ನೆ: “ಎಷ್ಟಕ್ಕ ತಂದ್ರಿ?” ಜಾತ್ರೆಯಿಂದ ತಂದ ಎತ್ತಿನ ನಿಜವಾದ ದರ ಹೇಳುವುದು ಕಾಕಾನ ಜಾಯಮಾನದಲ್ಲೇ ಇಲ್ಲ, ತನ್ನ ಜಾಣತನ ಕಾಣುವಷ್ಟು ಇಳಿಸಿಯೇ ಹೇಳಬೇಕು. “ಮೂರೂವರೆ” ಎಂದುಬಿಟ್ಟ. ಮರುದಿನ ಮುಂಜಾನೆ ಎದುರುಮನೆಯ ಮಾಸ್ತರರು ಎಣಿಸಿ ಮೂರೂವರೆ ಸಾವಿರ ತಂದು ಕಾಕಾನ ಕೈಯಲ್ಲಿಟ್ಟು, “ನಮಗೂ ಹಿಂಥಾದ್ದ ಒಂದ ತಂದ್ಕೊಡ್ರಿ ಕಾಕಾ, ನಾಕ್ ಹಲ್ಲಿಂದ ಇರ್ಲಿ” ಎಂದರು. ಅಂದಿನಿಂದ ಕಾಕಾ ಹೊಲದಿಂದ ಮನೆಗೆ ಬರುವ ಹೊತ್ತು ನಡುರಾತ್ರಿಗೆ ಹೋಗಿದೆ. ಕೇಳಿದರೆ, ತ್ರೀಫೇಜ್ ಕರೆಂಟ್ ಆಗಲೇ ಬರುತ್ತದೆ ಎನ್ನುತ್ತಾನೆ.