ಹಿಮ್ಮಡಿಗೆ ಹಚ್ಚೋ ತುಪ್ಪಕ್ಕೆ ಹೆದರೋದಾ?

ಚಳಿ ಬಿತ್ತು, ಅಡಿಕೆ ಸುಲಿಯೋದೂ ಶುರುವಾಯ್ತು. ಇನ್ನು ಕೈ ಒಡಕು, ಹಿಮ್ಮಡಿ ಒಡಕು ಕೇಳೋದೇ ಬೇಡ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಅದಕ್ಕೆ ಮದ್ದು ಯಾವುದು ಅಂತ ನಿಮಗೆ ನಾನು ಹೇಳಬೇಕಾ? ಮುರುಗಲು ತುಪ್ಪ. ಅದನ್ನೇ ತಿಕ್ಕಿಕೊಳ್ತಾ ಕೂತ ನಮ್ಮನೆ ಸೊಸೆ ಪೇಟೆ ಕ್ರೀಮಿನ ಡಬ್ಬಿ ಓದಿ ಹೆದರ್ತಾಳೆ ಮಾರಾಯ್ರೆ! ಸ್ಟಿಯರಿಕ್ ಆಸಿಡ್ ಇದೆಯಂತೆ, ಮುಖ ಸುಡ್ತದಂತೆ. ‘ಕೂಸೇ, ನಿನ್ನ ಕೈಯಲ್ಲಿರೋ ಉಂಡೆಯ ಕೊಬ್ಬಲ್ಲಿ ಅರ್ಧಕ್ಕಿಂತ ಹೆಚ್ಚು ಅದೇ’ ಅಂದೆ. ಎಲ್ಲಿ ನಂಬ್ತಾಳೆ!

ತುಪ್ಪದಲ್ಲಿ ಆ ಆಮ್ಲ ಗ್ಲಿಸರಿನ್ ಜೊತೆ ಕಟ್ಟಿಕೊಂಡಿರ್ತದೆ, ಡಬ್ಬಿಯಲ್ಲಿ ಬಿಡಿಯಾಗಿರ್ತದೆ, ಅಷ್ಟೇ. ಉಂಡೆ ಅಷ್ಟು ಗಟ್ಟಿ ಇರೋದೂ ಅದರಿಂದಲೇ. ಕರಗೋದಕ್ಕೆ 40 ಡಿಗ್ರಿ ಹತ್ತಿರದ ಬಿಸಿ ಬೇಕು. ಬರೀ ಅಂಗೈಗೆ ಜಗ್ಗೋದಿಲ್ಲ. ಬಚ್ಚಲೊಲೆ ಮುಂದೆ ಕೂತು ಕಾಯಿಸಿ ಕಾಯಿಸಿ ಹಚ್ಚಬೇಕು. ಆ ನೆಪದಲ್ಲಿ ಅರ್ಧ ಗಂಟೆ ಒಲೆ ಬುಡ ಬಿಟ್ಟು ಏಳದವರನ್ನೂ ನೋಡಿದ್ದೇನೆ, ಹೆಸರು ಬೇಡ ಬಿಡಿ.

ಸ್ನೋ ನೆನಪಿದೆಯಲ್ಲ? ಅಫ್ಘಾನ್ ಸ್ನೋ ಮುಂಬೈಯಲ್ಲಿ ಶುರುವಾಗಿದ್ದೇ 1919ರಲ್ಲಿ. ನಮ್ಮತ್ತೆ ಮಾರಿಜಾತ್ರೆಯಲ್ಲಿ ಒಂದು ಸ್ನೋ ಡಬ್ಬಿ ಕೊಂಡರೆ ಮುಂದಿನ ಜಾತ್ರೆವರೆಗೆ, ಅಂದ್ರೆ ಎರಡು ವರ್ಷ, ಅದನ್ನೇ ಎಳೀತಿದ್ಲು. ಅಂಥ ಕ್ರೀಮಿನ ಜೀವಾಳವೇ ಈ ಸ್ಟಿಯರಿಕ್ ಆಮ್ಲ. ಮುತ್ತಿನ ಹಾಗಿನ ಹೊಳಪು, ಹಚ್ಚಿದ ಕೂಡಲೇ ಕಾಣೆಯಾಗೋ ಜಾದೂ, ಎಲ್ಲ ಅದರದ್ದೇ ಆಟ. ಅಮೆರಿಕದಲ್ಲಿ ಇಂಥವನ್ನೆಲ್ಲ ಪರಿಶೀಲಿಸೋ ತಜ್ಞರ ಮಂಡಳಿಯೂ 1987ರಲ್ಲೇ ಸುರಕ್ಷಿತ ಅಂದಾಗಿದೆ. ಕ್ರೀಮು ಹಚ್ಚಿ ತುರಿಕೆ ಎದ್ದರೆ ನಾನಂತೂ ಮೊದಲು ಅದರ ಪರಿಮಳದ ಮೇಲೆ ಅನುಮಾನ ಪಡ್ತೇನೆ. ಹಾಗಂತ ಮೊಡವೆ ಮುಖಕ್ಕೆ ಮುರುಗಲು ತುಪ್ಪ ಬಳಿದುಕೊಂಡು ನನ್ನ ಹೆಸರು ಹೇಳಬೇಡಿ, ಅದು ಹಿಮ್ಮಡಿ ಮದ್ದು.

ಹೆದರೋದೇ ಆದ್ರೆ ಮುರುಗಲಿನ ನೆಂಟ ಉಪ್ಪಾಗೆಯ ಸಿಪ್ಪೆ ಮಾತ್ರೆಗೆ ಹೆದರಲಿ. ನಮ್ಮ ಬೆಟ್ಟದಲ್ಲಿ ಹೊಗೆ ಹಾಕಿ ಒಣಗಿಸೋ ಸಿಪ್ಪೆ ಇದೆಯಲ್ಲ, ಅದರ ಸತ್ವ ತೆಗೆದು ಪರದೇಶದಲ್ಲಿ ತೂಕ ಇಳಿಸೋಕೆ ನುಂಗಿದ್ರು. ಕೆಲವರ ಯಕೃತ್ತಿಗೇ ಪೆಟ್ಟು ಬಿದ್ದ ವರದಿಗಳಿವೆ. ಅದೇ ಹಣ್ಣಿನ ಬೀಜದ ತುಪ್ಪದಲ್ಲಿ ನಮ್ಮಜ್ಜಿ ದೋಸೆ ಎರೀತಿದ್ಲು! ಬಿಸಿ ಬಿಸಿ ಇದ್ದಾಗಲೇ ತಿಂದು ಮುಗಿಸಬೇಕು, ಆರಿತೋ, ತುಪ್ಪ ಅಂಗುಳಿಗೆ ಮೆತ್ತಿಕೊಂಡು ಕೂರ್ತದೆ. ನೀವೂ ತಿಂದಿರ್ತೀರಿ, ಅಲ್ವಾ?